ಕಾಯಿಕೊರಕದ ‘ಹಾಂಪೆಯಿ’ ನಮ್ಮ ಹಂಪೆಯಲ್ಲ: ಗಿಡ, ಕೀಟಗಳ ವೈಜ್ಞಾನಿಕ ಹೆಸರು ಕಲಿಯುವುದು ಹೇಗೆ?

ಪ್ರಶ್ನೆ: ನಾನು ಸೋಮವಾರಪೇಟೆ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರ. ಮಗಳು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಅರಣ್ಯಶಾಸ್ತ್ರ ಬಿಎಸ್ಸಿ ಮೊದಲ ವರ್ಷದಲ್ಲಿದ್ದಾಳೆ. ಮರಗಿಡಗಳ ವೈಜ್ಞಾನಿಕ ಹೆಸರು ಬಾಯಿಪಾಠ ಮಾಡುತ್ತಾ ನಡುರಾತ್ರಿವರೆಗೆ ಕೂರುತ್ತಾಳೆ, ಬೆಳಿಗ್ಗೆ ಎದ್ದರೆ ಅರ್ಧ ಮರೆತಿರುತ್ತದೆ. ಲ್ಯಾಟಿನ್ ಗೊತ್ತಿಲ್ಲದವರಿಗೆ ಇದು ಒಗ್ಗುವುದಿಲ್ಲ ಎಂದು ಕೈಚೆಲ್ಲಿದ್ದಾಳೆ. ನನ್ನ ಭಾವ ಹೇಳುವುದು, ಪದಗಳ ಮೂಲ ತಿಳಿದರೆ ಸಾಕು, ಹೆಸರೇ ಗಿಡದ ಗುಣ ಹೇಳುತ್ತದೆ ಎಂದು. ನಾನೂ ಮೊಬೈಲಿನಲ್ಲಿ ಹುಡುಕಿದೆ, ಗೊಂದಲ ಹೆಚ್ಚಾಯಿತು. ಕಾಫಿ ಕಾಯಿಕೊರಕದ ಹೆಸರಿನಲ್ಲಿ ‘ಹಾಂಪೆಯಿ’ ಇದೆ, ಅದು ನಮ್ಮ ಹಂಪೆಯೇ? ಸಿಲ್ವರ್ ಮರವೂ ರೊಬಸ್ಟಾ, ಕಾಫಿಯೂ ರೊಬಸ್ಟಾ, ಇವೆರಡಕ್ಕೂ ನಂಟಿದೆಯೇ? ಮದ್ದುಸೊಪ್ಪು ಕೊಡಗಿನದ್ದು, ಅದರ ಹೆಸರಿನಲ್ಲಿ ವಯನಾಡು ಏಕೆ? ಸಾಲದ್ದಕ್ಕೆ ಈ ಹೆಸರುಗಳು ಆಗಾಗ ಬದಲಾಗುತ್ತವಂತೆ. ಹಾಗಾದರೆ ಇಷ್ಟು ಕಷ್ಟಪಟ್ಟು ಕಲಿಯುವುದಾದರೂ ಏಕೆ?

ಉತ್ತರ: ಪ್ರಶ್ನೆಗಳು ಹಲವಿದ್ದರೂ ನಿಮ್ಮನ್ನು ಕಾಡುತ್ತಿರುವ ಚಿಂತೆ ಒಂದೇ: ಕನ್ನಡದಲ್ಲಿ ಓದಿದ ಹುಡುಗಿ ಈ ಹೆಸರುಗಳನ್ನು ಕಲಿಯಬಲ್ಲಳೇ, ಕಲಿತರೆ ಅದು ಉಪಯೋಗಕ್ಕೆ ಬರುತ್ತದೆಯೇ. ಕಲಿಯಬಲ್ಲಳು, ಉಪಯೋಗಕ್ಕೂ ಬರುತ್ತದೆ. ಸಸ್ಯಶಾಸ್ತ್ರ ಪಾಠ ಮಾಡುವಾಗ ನಾನು ಕಂಡಂತೆ, ಕನ್ನಡ ಮಾಧ್ಯಮದವರು ಎಡವುವುದು ಅರ್ಥದಲ್ಲಲ್ಲ, ಸ್ಪೆಲಿಂಗಿನಲ್ಲಿ. ಅದಕ್ಕೆ ಮದ್ದಿದೆ, ಮುಂದೆ ಹೇಳುತ್ತೇನೆ. ಮೊದಲು ನಿಮ್ಮ ಭಾವನವರ ಮಾತನ್ನು ನೋಡೋಣ. ಅದು ಅರ್ಧ ನಿಜ. ತೊಂದರೆ ಕೊಡುವುದು ಉಳಿದರ್ಧ.

ಹಾಂಪೆಯಿಗೂ ಹಂಪೆಗೂ ಸಂಬಂಧವಿಲ್ಲ. 1867ರಲ್ಲಿ ಫೆರಾರಿ ಎಂಬ ಕೀಟತಜ್ಞ ಈ ಪುಟ್ಟ ದುಂಬಿಗೆ ಹೆಸರಿಡುವಾಗ ಹಾಂಪೆ ಎಂಬ ಯುರೋಪಿನ ವ್ಯಕ್ತಿಯನ್ನು ನೆನೆದ. ಗಂಡಸಿನ ಹೆಸರಿನ ಕೊನೆಗೆ ಲ್ಯಾಟಿನ್ನಿನ ‘ಐ’ ಅಕ್ಷರ ಸೇರಿಸಿದರೆ ಅದು ನಮ್ಮ ಷಷ್ಠಿ ವಿಭಕ್ತಿಯ ಕೆಲಸ ಮಾಡುತ್ತದೆ. ಅಂದರೆ ‘ಹಾಂಪೆಯ’ ದುಂಬಿ. ಹೆಂಗಸಿನ ಹೆಸರಾದರೆ ಕೊನೆಯಲ್ಲಿ ‘ಎ-ಇ’ ಜೋಡಿ ಬರುತ್ತದೆ. ಈ ಕೀಟ ಭಾರತದಲ್ಲಿ ಮೊದಲು ಕಂಡದ್ದೇ 1990ರಲ್ಲಿ, ನೀಲಗಿರಿಯ ಗೂಡಲೂರಿನ ಕಡೆ; ಹೆಸರಿಟ್ಟು ನೂರಿಪ್ಪತ್ತು ವರ್ಷ ಕಳೆದ ಮೇಲೆ. ಕಿವಿಗೆ ಪರಿಚಿತವಾಗಿ ಕೇಳಿಸಿದ ಮಾತ್ರಕ್ಕೆ ಅರ್ಥ ಕಟ್ಟಿದರೆ ಹೀಗಾಗುತ್ತದೆ.

ಮದ್ದುಸೊಪ್ಪಿನ ಹೆಸರು ಜಸ್ಟೀಸಿಯ ವಯನಾಡೆನ್ಸಿಸ್. ಮೊದಲ ಪದ ಸ್ಕಾಟ್‌ಲೆಂಡಿನ ತೋಟಗಾರ ಜೇಮ್ಸ್ ಜಸ್ಟಿಸ್ ನೆನಪಿನದು. ‘ಎನ್ಸಿಸ್’ ಎಂದರೆ ಆ ಊರಿನದು, ಆ ಸೀಮೆಯದು. ಸಾಮಾನ್ಯವಾಗಿ ಹೆಸರಿಟ್ಟವರ ಕೈಗೆ ಬಂದ ಮಾದರಿ ಎಲ್ಲಿಯದೋ ಆ ಜಾಗ ಹೆಸರಿಗೆ ಅಂಟಿಕೊಳ್ಳುತ್ತದೆ. ಅದು ಹಕ್ಕುಪತ್ರವಲ್ಲ. ಗಿಡ ಕೊಡಗಿನ ತೋಟದ ಅಂಚಿನಲ್ಲೂ ಬೆಳೆಯುತ್ತದೆ, ಪಕ್ಕದ ವಯನಾಡಿನಲ್ಲೂ ಬೆಳೆಯುತ್ತದೆ. ಕೊಡವರ ಕಕ್ಕಡ ತಿಂಗಳ ಹದಿನೆಂಟರ ದಿನ ಅದರಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಎಂಬ ನಂಬಿಕೆಯ ಬಗ್ಗೆ ಈ ಹೆಸರು ಪರವಾಗಿಯೂ ಹೇಳುವುದಿಲ್ಲ, ವಿರೋಧವಾಗಿಯೂ ಹೇಳುವುದಿಲ್ಲ. ಆ ದಿನ ಈ ಸೊಪ್ಪಿನಿಂದ ಮಾಡುವ ಪಾಯಸದ ನೇರಳೆ ಬಣ್ಣವೂ ಹೆಸರಿನಲ್ಲಿ ಎಲ್ಲೂ ಕಾಣುವುದಿಲ್ಲ.

ಊರಿನ ಹೆಸರನ್ನು ನಂಬಿ ತವರು ಹುಡುಕಿದರೆ ದಾರಿ ತಪ್ಪುವುದಕ್ಕೆ ನಿಮ್ಮ ತೋಟದಲ್ಲೇ ಸಾಕ್ಷಿಗಳಿವೆ. ಅರೇಬಿಕಾ ಕಾಫಿಗೆ, ಈ ಎರಡು ಪದದ ಹೆಸರಿನ ಪದ್ಧತಿಯನ್ನು ನೆಲೆಗೊಳಿಸಿದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1753ರಲ್ಲಿ ಅರೇಬಿಯದ ಹೆಸರಿಟ್ಟ. ಅದರ ತವರು ಇಥಿಯೋಪಿಯದ ಗುಡ್ಡಗಾಡು. ಹುಣಸೆಯದು ಇನ್ನೂ ತಮಾಷೆ. ಟ್ಯಾಮರಿಂಡಸ್ ಇಂಡಿಕಾದ ಮೊದಲ ಪದ ಅರಬ್ಬಿಯ ‘ತಮ್ರ್ ಹಿಂದಿ’, ಅಂದರೆ ಹಿಂದೂಸ್ಥಾನದ ಖರ್ಜೂರ. ಎರಡನೆಯದು ಲ್ಯಾಟಿನ್ನಿನಲ್ಲಿ ‘ಭಾರತದ್ದು’. ಎರಡೆರಡು ಸಲ ಭಾರತ ಎಂದು ಹೇಳಿಸಿಕೊಂಡ ಈ ಮರ ಮೂಲತಃ ಆಫ್ರಿಕದ್ದು.

ಇನ್ನು ರೊಬಸ್ಟಾ. ವೈಜ್ಞಾನಿಕ ಹೆಸರಿನ ಮೊದಲ ಪದ ಕುಲದ್ದು; ಎರಡನೆಯದು ಆ ಕುಲದೊಳಗಿನ ಒಂದು ಜಾತಿಯನ್ನು ಗುರುತಿಸುವ ಪದ, ಹೆಚ್ಚಾಗಿ ಒಂದು ವಿಶೇಷಣ. ಕರಿಮೆಣಸಿಗೂ ಕರಿಬೇವಿಗೂ ‘ಕರಿ’ ಇದ್ದ ಮಾತ್ರಕ್ಕೆ ಅವು ನೆಂಟರಲ್ಲ ತಾನೆ? ಸಿಲ್ವರ್ ಮರ ಗ್ರೆವಿಲಿಯ ರೊಬಸ್ಟಾ, ಪೂರ್ವ ಆಸ್ಟ್ರೇಲಿಯದ್ದು. ಕುಲದ ಹೆಸರು ಚಾರ್ಲ್ಸ್ ಗ್ರೆವಿಲ್ ಎಂಬ ಇಂಗ್ಲಿಷಿನವನದು. ರೊಬಸ್ಟಾ ಎಂದರೆ ಗಟ್ಟಿಮುಟ್ಟಾದದ್ದು, ಅಷ್ಟೆ. ಕಾಫಿಯ ವಿಷಯದಲ್ಲಿ ರೊಬಸ್ಟಾ ಎನ್ನುವುದು ಇವತ್ತು ವ್ಯಾಪಾರದ ಹೆಸರು ಮಾತ್ರ. 1900ರ ಹೊತ್ತಿಗೆ ಬ್ರಸೆಲ್ಸ್‌ನ ಲಿಂಡೆನ್ ನರ್ಸರಿಯವರು ‘ಕಾಫಿಯ ರೊಬಸ್ಟಾ’ ಎಂದು (ಇಲ್ಲಿ ‘ಕಾಫಿಯ’ ಎಂಬುದು ಕುಲದ ಹೆಸರು) ಕರೆದ ಗಿಡಕ್ಕೆ 1897ರಲ್ಲೇ ‘ಕಾಫಿಯ ಕ್ಯಾನಿಫೊರಾ’ ಎಂಬ ಹೆಸರು ಪ್ರಕಟವಾಗಿತ್ತು. ಒಂದೇ ಗಿಡಕ್ಕೆ ಎರಡು ಹೆಸರಾದಾಗ ಹಳೆಯದಕ್ಕೇ ಪಟ್ಟ, ಇದು ನಿಯಮ. ಕ್ಯಾನಿಫೊರಾ ಗ್ರೀಕ್ ಪದ: ಬುಟ್ಟಿ ಹೊತ್ತವಳು. ಅಥೆನ್ಸಿನ ಹಬ್ಬದ ಮೆರವಣಿಗೆಯಲ್ಲಿ ಪೂಜೆಯ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ನಡೆಯುತ್ತಿದ್ದ ಹೆಣ್ಣುಮಕ್ಕಳಿಗೆ ಆ ಹೆಸರಿತ್ತು. ನೀವು ಸಿ ಇಂಟು ಆರ್ ಎಂಬ ಮಿಶ್ರ ಕಾಫಿ ತಳಿ ಬೆಳೆಯುತ್ತಿದ್ದರೆ ಅದರಲ್ಲಿನ ‘ಸಿ’ ಕಾಂಗೆನ್ಸಿಸ್, ಕಾಂಗೋ ಸೀಮೆಯದು. ಮತ್ತೆ ಅದೇ ‘ಎನ್ಸಿಸ್’.

ಹಾಗಾದರೆ ಹೆಸರಿನಿಂದ ಏನೂ ತಿಳಿಯುವುದಿಲ್ಲವೇ ಎಂದರೆ ಹಾಗೂ ಅಲ್ಲ. ಕೆಲವು ಹೆಸರುಗಳು ಗಿಡದ ಅಥವಾ ರೋಗದ ಚಿತ್ರವನ್ನೇ ಕಣ್ಣ ಮುಂದೆ ತರುತ್ತವೆ. ಕಾಫಿಯ ಎಲೆತುಕ್ಕು ರೋಗಕ್ಕೆ ಕಾರಣವಾದ ಶಿಲೀಂಧ್ರ ಹೆಮಿಲಿಯ ವ್ಯಾಸ್ಟಾಟ್ರಿಕ್ಸ್. 1869ರಲ್ಲಿ ಸಿಲೋನಿನಿಂದ (ಈಗಿನ ಶ್ರೀಲಂಕಾ) ಬಂದ ಎಲೆಗಳನ್ನು ನೋಡಿ ಬರ್ಕ್ಲಿ ಮತ್ತು ಬ್ರೂಮ್ ಇಟ್ಟ ಹೆಸರು. ಗ್ರೀಕಿನಲ್ಲಿ ‘ಹೆಮಿ’ ಅರ್ಧ, ‘ಲಿಯೋಸ್’ ನುಣುಪು. ಕಿತ್ತಳೆ ಪುಡಿಯನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ ಬೀಜಕದ ಒಂದು ಮಗ್ಗುಲು ನುಣುಪು, ಇನ್ನೊಂದು ಮಗ್ಗುಲಲ್ಲಿ ಮುಳ್ಳು. ‘ವ್ಯಾಸ್ಟಾಟ್ರಿಕ್ಸ್’ ಲ್ಯಾಟಿನ್: ಹಾಳುಗೆಡವುವವಳು. ಕೊನೆಯ ‘ಟ್ರಿಕ್ಸ್’ ನಮ್ಮ ‘ಗಾರ್ತಿ’ ಪ್ರತ್ಯಯ ಇದ್ದ ಹಾಗೆ. ಸಿಲೋನಿನ ಕಾಫಿ ಉದ್ಯಮವೇ ಈ ರೋಗಕ್ಕೆ ಮಣ್ಣುಪಾಲಾಗಿ, ಅಲ್ಲಿನವರು ಟೀಗೆ ತಿರುಗಿದರು. ಈ ಹೆಸರನ್ನು ಒಮ್ಮೆ ಅರ್ಥಮಾಡಿಕೊಂಡವರು ಮರೆತದ್ದನ್ನು ನಾನು ಕಂಡಿಲ್ಲ.

ಹಲಸು ಆರ್ಟೊಕಾರ್ಪಸ್ ಹೆಟೆರೊಫಿಲ್ಲಸ್. ಆರ್ಟೋಸ್ ರೊಟ್ಟಿ, ಕಾರ್ಪೋಸ್ ಹಣ್ಣು, ಹೆಟೆರೋಸ್ ಬೇರೆಬೇರೆ, ಫಿಲ್ಲಾನ್ ಎಲೆ. ಎಳೆಯ ಹಲಸಿನ ಗಿಡದ ಎಲೆಗೆ ಸೀಳುಗಳಿರುತ್ತವೆ, ಬೆಳೆದ ಮರದ ಎಲೆಗೆ ಇರುವುದಿಲ್ಲ. ಮಗಳನ್ನು ಹಲಸಿನ ಬುಡಕ್ಕೆ ಕರೆದೊಯ್ದು ಎರಡನ್ನೂ ತೋರಿಸಿ. ಹೆಸರಿನ ನಾಲ್ಕು ಬೇರುಪದಗಳು ಒಂದೇ ಏಟಿಗೆ ತಲೆಗೆ ಹೋಗುತ್ತವೆ.

ಆದರೆ ಅದೇ ತೋಟದ ಬಿಳಿ ಕಾಂಡಕೊರಕವನ್ನು ನೋಡಿ: ಕ್ಸೈಲೊಟ್ರೆಕಸ್ ಕ್ವಾಡ್ರಿಪಿಸ್. ಕ್ವಾಡ್ರಿಪಿಸ್ ಎಂದರೆ ನಾಲ್ಕು ಕಾಲಿನದು. ಎಲ್ಲ ದುಂಬಿಗಳ ಹಾಗೆ ಇದಕ್ಕೂ ಇರುವುದು ಆರು. 1863ರಿಂದ ಹೆಸರು ಹಾಗೆಯೇ ಇದೆ, ಇನ್ನು ಮುಂದೆಯೂ ಇರುತ್ತದೆ. ಅರ್ಥ ಹೊಂದುವುದಿಲ್ಲ ಎಂಬ ಕಾರಣಕ್ಕೆ ಹೆಸರು ಬದಲಿಸಲು ನಿಯಮದಲ್ಲಿ ಅವಕಾಶವಿಲ್ಲ. ಲಿನೇಯಸ್‌ಗೂ ಆ ಅವಕಾಶ ಸಿಗಲಿಲ್ಲ. 1758ರಲ್ಲಿ ಯುರೋಪಿನ ಜೇನಿಗೆ ಏಪಿಸ್ ಮೆಲ್ಲಿಫೆರಾ, ‘ಜೇನುತುಪ್ಪ ಹೊರುವುದು’ ಎಂದು ಹೆಸರಿಟ್ಟ. ಹುಳು ಹೊತ್ತು ತರುವುದು ಮಕರಂದ, ತುಪ್ಪ ತಯಾರಾಗುವುದು ಗೂಡಿನಲ್ಲಿ. 1761ರಲ್ಲಿ ಅದನ್ನು ಮೆಲ್ಲಿಫಿಕಾ, ‘ತುಪ್ಪ ಮಾಡುವುದು’ ಎಂದು ತಿದ್ದಿದ. ಮೊದಲಿನ ಹೆಸರೇ ಉಳಿಯಿತು. ಇವತ್ತು ನಮ್ಮ ಪೆಟ್ಟಿಗೆ ಜೇನು ಸಾಕುವವರೂ ಮೆಲ್ಲಿಫೆರಾ ಎಂದೇ ಕರೆಯುವುದು.

ಇಲ್ಲಿಯವರೆಗಿನ ತಪ್ಪುಗಳಿಂದ ಹೆಚ್ಚೆಂದರೆ ಒಂದೆರಡು ಅಂಕ ಹೋದೀತು. ಹೆಸರು ನೋಡಿ ಗುಣ ಹೇಳುವ ಅಭ್ಯಾಸ ಅಡುಗೆಮನೆಗೋ ಔಷಧಿಗೋ ಕಾಲಿಟ್ಟರೆ ಮಾತ್ರ ಜೀವಕ್ಕೇ ಸಂಚಕಾರ. ‘ಎಸ್ಕುಲೆಂಟಾ’ ಎಂದರೆ ತಿನ್ನಲು ಯೋಗ್ಯವಾದದ್ದು. ಕೆಸುವಿನ ಹೆಸರು ಕೊಲೊಕೇಸಿಯ ಎಸ್ಕುಲೆಂಟಾ. ಹಸಿಯಾಗಿ ಬಾಯಿಗಿಟ್ಟರೆ ಗಂಟಲು ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಯುರೋಪಿನ ಕಾಡುಗಳಲ್ಲಿ ಜೈರೊಮಿಟ್ರ ಎಸ್ಕುಲೆಂಟಾ ಎಂಬ ಅಣಬೆಯಿದೆ, ಅದು ಜನರನ್ನು ಕೊಂದದ್ದುಂಟು. ಮಳೆಗಾಲದಲ್ಲಿ ಕುಮ್ಮು, ಅಂದರೆ ಅಣಬೆ, ಹುಡುಕುವ ನಾಡಿನವರು ಈ ಒಂದು ಉದಾಹರಣೆಯನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ‘ಅಫಿಷಿನಾಲಿಸ್’ ಎಂಬ ಪದ ಕಂಡರೆ ಔಷಧೀಯ ಎಂದು ವಾಟ್ಸಾಪಿನಲ್ಲಿ ಬರೆಯುತ್ತಾರೆ. ‘ಅಫಿಷಿನಾ’ ಎಂದರೆ ಮದ್ದು ತಯಾರಿಸಿ ಇಡುತ್ತಿದ್ದ ಕೋಣೆ, ಅಂಗಡಿ. ಆ ಕಾಲದ ಯುರೋಪಿನ ಮದ್ದಿನಂಗಡಿಯಲ್ಲಿ ಈ ಸರಕು ಸಿಗುತ್ತಿತ್ತು ಎಂಬಷ್ಟೇ ಅದರ ಅರ್ಥ, ವಾಸಿಯಾಗುತ್ತದೆ ಎಂಬ ಪ್ರಮಾಣಪತ್ರವಲ್ಲ. ಕೊಡವರ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಸಿಕ್ಕಿಸುವ ತೋಕ್ ಪೂವಿನ ಹೆಸರು ಗ್ಲೋರಿಯೋಸಾ ಸುಪರ್ಬಾ. ಎರಡೂ ಪದ ಹೊಗಳಿಕೆಯೇ. ಗೆಡ್ಡೆಯಲ್ಲಿರುವ ಕಾಲ್ಚಿಸಿನ್ ವಿಷದ ಸುಳಿವು ಎರಡರಲ್ಲೂ ಇಲ್ಲ.

ಇದು ‘ಅವರ’ ಭಾಷೆ, ನಮ್ಮಂಥವರಿಗಲ್ಲ ಎಂಬ ನಿಮ್ಮ ಮಗಳ ಮಾತಿಗೆ ಬರುತ್ತೇನೆ. ಹದಿನೆಂಟನೇ ಶತಮಾನದ ಯುರೋಪಿನ ವಿದ್ವಾಂಸರ ಬರವಣಿಗೆ ಲ್ಯಾಟಿನ್ನಿನಲ್ಲಿತ್ತು, ಆದ್ದರಿಂದ ಹೆಸರುಗಳೂ ಆ ವೇಷದಲ್ಲಿ ಬಂದವು. ವೇಷ ಮಾತ್ರ. ಒಳಗಿನ ಪದ ಯಾವ ಭಾಷೆಯದಾದರೂ ಆಗಬಹುದು. ಪಶ್ಚಿಮ ಘಟ್ಟದ ಕಾಳಿಂಗ ಸರ್ಪ ಬೇರೆಯೇ ಜಾತಿ ಎಂದು 2024ರಲ್ಲಿ ವಿಜ್ಞಾನಿಗಳು ಪ್ರಕಟಿಸಿದಾಗ ಇಟ್ಟ ಹೆಸರು ಒಫಿಯೊಫೇಗಸ್ ಕಾಳಿಂಗ. ಮೊದಲ ಪದ ಗ್ರೀಕ್, ‘ಹಾವು ತಿನ್ನುವುದು’. ಎರಡನೆಯದು ಕನ್ನಡಿಗರ ಬಾಯಲ್ಲಿರುವ ಹೆಸರೇ.

ಅದಕ್ಕಿಂತ ಹಳೆಯದು, ನಿಮಗೆ ಇನ್ನೂ ಹತ್ತಿರದ್ದು, ಕೊಳೆರೋಗ. ಮೈಸೂರು ಸೀಮೆಯ ಕಾಫಿ ಎಲೆಗಳ ಮೇಲಿನ ಶಿಲೀಂಧ್ರವನ್ನು 1876ರಲ್ಲಿ ಕುಕ್ ಎಂಬ ಇಂಗ್ಲಿಷ್ ತಜ್ಞ ವರ್ಣಿಸಿ, ಬೆಳೆಗಾರರ ಮಾತನ್ನೇ ಎತ್ತಿಕೊಂಡು ಪೆಲ್ಲಿಕ್ಯುಲೇರಿಯ ಕೊಳೆರೋಗ ಎಂದ. 1958ರಲ್ಲಿ ಡಾಂಕ್ ಎಂಬ ಡಚ್ ವಿಜ್ಞಾನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೊಳೆರೋಗ ಎಂಬುದನ್ನು ಕುಲದ ಹೆಸರನ್ನಾಗಿ ಮಾಡಿದ: ಕೊಳೆರೋಗ ನಾಕ್ಸಿಯ. ಆಮೇಲೆ ಅದು ಇನ್ನೊಂದು ಕುಲಕ್ಕೆ ಸೇರಿತು, ಆ ಕಥೆ ಬೇಡ. ಗಮನಿಸಬೇಕಾದದ್ದು ಬೇರೆ. ಅಡಿಕೆಗೆ ಬರುವ ಕೊಳೆರೋಗವನ್ನೂ ನಾವು ಕೊಳೆರೋಗ ಎಂದೇ ಕರೆಯುತ್ತೇವೆ. ಅದು ಫೈಟಾಫ್ತೊರಾ, ಗ್ರೀಕಿನಲ್ಲಿ ‘ಗಿಡದ ನಾಶ’. ಮೆಣಸಿನ ಬಳ್ಳಿಯ ಶೀಘ್ರ ಸೊರಗು ರೋಗದ್ದೂ ಅದೇ ಕುಲ. ಫೈಟಾಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ, ನೀರಿನಲ್ಲಿ ಈಜುವ ಬೀಜಕಗಳಿರುವ ಬೇರೊಂದು ವಂಶ. ಬೋರ್ಡೋ ದ್ರಾವಣ ಎರಡಕ್ಕೂ ನಡೆಯುತ್ತದೆ ನಿಜ, ಆದರೆ ಮೆಟಲಾಕ್ಸಿಲ್‌ನಂಥ ಔಷಧ ಫೈಟಾಫ್ತೊರಾದ ವಂಶಕ್ಕೆ ಮಾತ್ರ ನಾಟುತ್ತದೆ, ಕಾಫಿಯ ಕೊಳೆರೋಗಕ್ಕೆ ಹೊಡೆದರೆ ದುಡ್ಡು ದಂಡ. ಅಂಗಡಿಯಲ್ಲಿ ‘ಕೊಳೆರೋಗಕ್ಕೆ ಕೊಡಿ’ ಎಂದರೆ ಯಾವುದು ಸಿಕ್ಕೀತು? ಇಷ್ಟು ಕಷ್ಟಪಟ್ಟು ಕಲಿಯುವುದೇಕೆ ಎಂದಿರಲ್ಲ, ಇದಕ್ಕೆ. ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳ ಎಲ್ಲವೂ ಓಡಾಡುವ ಜಿಲ್ಲೆಯಲ್ಲಿ ಒಂದು ಗಿಡಕ್ಕೆ ನಾಲ್ಕು ಹೆಸರು, ಒಂದು ಹೆಸರಿಗೆ ಮೂರು ಗಿಡ ಇರುವುದು ಮಾಮೂಲು.

ಹೆಸರು ಬದಲಾಗುತ್ತದೆ ಎಂಬುದು ನಿಜ, ಆದರೆ ಕಾರಣವಿಲ್ಲದೆ ಬದಲಾಗುವುದಿಲ್ಲ. ಹಳೆಯ ಹೆಸರೊಂದು ಪತ್ತೆಯಾಗಬಹುದು, ಒಂದೇ ಎಂದುಕೊಂಡದ್ದು ಎರಡು ಜಾತಿ ಎಂದು ತಿಳಿಯಬಹುದು, ಅಥವಾ ಗಿಡ ಬೇರೆ ಕುಲಕ್ಕೆ ಸೇರಿದ್ದೆಂದು ಗೊತ್ತಾಗಬಹುದು. ತೋಟದ ಬದುವಿನಲ್ಲಿ ನುಗ್ಗುವ ಕಮ್ಯುನಿಸ್ಟ್ ಗಿಡ ಮೊದಲು ಯುಪಟೋರಿಯಂ ಒಡೊರೇಟಂ ಆಗಿತ್ತು, 1970ರಲ್ಲಿ ಕ್ರೊಮೊಲೀನ ಒಡೊರೇಟಾ ಆಯಿತು. ‘ವಾಸನೆಯುಳ್ಳ’ ಎಂಬ ಎರಡನೆಯ ಪದ ಹಾಗೆಯೇ ಉಳಿದಿದೆ, ಬಾಲ ಮಾತ್ರ ‘ಅಂ’ ಹೋಗಿ ‘ಆ’ ಆಗಿದೆ. ಲ್ಯಾಟಿನ್ನಿನಲ್ಲಿ ವಿಶೇಷಣ ನಾಮಪದದ ಲಿಂಗವನ್ನು ಹಿಂಬಾಲಿಸಬೇಕು: ಪುಲ್ಲಿಂಗಕ್ಕೆ ಅಸ್, ಸ್ತ್ರೀಲಿಂಗಕ್ಕೆ ಆ, ನಪುಂಸಕಕ್ಕೆ ಅಂ. ಭತ್ತ ಒರೈಜಾ ಸಟೈವಾ, ಕೇಸರಿ ಕ್ರೋಕಸ್ ಸಟೈವಸ್, ಬಟಾಣಿ ಪೈಸಂ ಸಟೈವಂ. ಮೂರರಲ್ಲೂ ಪದ ಒಂದೇ: ಬಿತ್ತಿ ಬೆಳೆಸಿದ್ದು. ಪರೀಕ್ಷೆಯಲ್ಲಿ ಪ್ರತಿ ವರ್ಷ ಯಾರಾದರೂ ‘ಟ್ಯಾಮರಿಂಡಸ್ ಇಂಡಿಕಸ್’ ಎಂದು ಬರೆಯುತ್ತಾರೆ. ತರ್ಕ ಸರಿ, ಉತ್ತರ ತಪ್ಪು. ಲ್ಯಾಟಿನ್ನಿನಲ್ಲಿ ಮರಗಳು ಸಾಮಾನ್ಯವಾಗಿ ಸ್ತ್ರೀಲಿಂಗ, ಆದ್ದರಿಂದ ಇಂಡಿಕಾ. ಹಳೆಯ ಹೆಸರುಗಳೂ ವ್ಯರ್ಥವಾಗುವುದಿಲ್ಲ, ಪರ್ಯಾಯ ಹೆಸರೆಂದು ದಾಖಲಾಗಿರುತ್ತವೆ. ಇಂಗ್ಲೆಂಡಿನ ಕ್ಯೂ ಉದ್ಯಾನದ ‘ಪ್ಲಾಂಟ್ಸ್ ಆಫ್ ದ ವರ್ಲ್ಡ್ ಆನ್‌ಲೈನ್’ ತಾಣದಲ್ಲಿ ಹಳೆಯದನ್ನು ಹಾಕಿದರೆ ಹೊಸದು ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ.

ಲ್ಯಾಟಿನ್ ಕೋರ್ಸಿಗೆ ಸೇರಿಸಬೇಕೇ? ಬೇಡ. ಹೊಸ ಸಸ್ಯವನ್ನು ಪ್ರಕಟಿಸುವವರು ಲ್ಯಾಟಿನ್ನಿನಲ್ಲೇ ವರ್ಣನೆ ಬರೆಯಬೇಕೆಂಬ ಕಟ್ಟಳೆಯೂ 2012ರ ಜನವರಿಯಿಂದ ಸಡಿಲವಾಗಿದೆ, ಇಂಗ್ಲಿಷ್ ಆದರೂ ನಡೆಯುತ್ತದೆ. ಈಗ ಮಾಡುತ್ತಿರುವಂತೆ ಪಟ್ಟಿಯನ್ನು ಉರು ಹೊಡೆದರೆ ಸೆಮಿಸ್ಟರ್ ದಾಟಬಹುದು, ಕಾಡಿಗೆ ಹೋದಾಗ ಮರ ಗುರುತಾಗುವುದಿಲ್ಲ. ಪದಮೂಲದ ದಪ್ಪ ಪುಸ್ತಕ ಕೊಡಿಸಿದರೆ ಅದರ ಅಪಾಯ ಹಂಪೆಯ ವಿಷಯದಲ್ಲಿ ನೀವೇ ನೋಡಿದಿರಿ: ಬೇರು ಗೊತ್ತು, ಗಿಡ ಗೊತ್ತಿಲ್ಲ. ನನ್ನ ಸಲಹೆ, ಗಿಡದಿಂದ ಶುರುಮಾಡಿ ಹೆಸರಿಗೆ ಬರಲಿ. ನಿಮ್ಮದೇ ತೋಟದ ನೆರಳು ಮರಗಳು, ಕಳೆಗಳು, ಬಳ್ಳಿಗಳು ಮೊದಲಿಗೆ ಸಾಕು. ಒಂದು ನೋಟ್‌ಬುಕ್ಕಿನಲ್ಲಿ ಮನೆಯಲ್ಲಿ ಕರೆಯುವ ಹೆಸರು, ವೈಜ್ಞಾನಿಕ ಹೆಸರು, ಆ ಹೆಸರಿನ ಯಾವ ಭಾಗವನ್ನು ಕಣ್ಣಾರೆ ಕಂಡೆ ಎಂಬುದು. ಮೂರನೆಯದು ಖಾಲಿ ಉಳಿದರೆ ಉಳಿಯಲಿ, ಊಹಿಸಿ ತುಂಬಬಾರದು. ಅವೇ ಬೇರುಗಳು ಮತ್ತೆ ಮತ್ತೆ ಬರುವುದರಿಂದ ಐವತ್ತು ಅರವತ್ತು ಗೊತ್ತಾದ ಮೇಲೆ ಓದು ಹಗುರವಾಗುತ್ತದೆ.

ಕನ್ನಡದ ಹುಡುಗಿಗೆ ಇಲ್ಲಿ ಒಂದು ಅನುಕೂಲವೂ ಇದೆ. ಲ್ಯಾಟಿನ್, ಗ್ರೀಕ್, ಸಂಸ್ಕೃತ ಒಂದೇ ಮನೆತನದವು. ಪಂಚಕ್ಕೆ ಪೆಂಟಾ, ಅಷ್ಟಕ್ಕೆ ಆಕ್ಟೋ, ದಶಕ್ಕೆ ಡೆಕಾ, ದಂತಕ್ಕೆ ಡೆಂಟಿಸ್, ಪದಕ್ಕೆ ಪೆಡಿಸ್. ಸಂಸ್ಕೃತದ ಸಕಾರ ಇರುವಲ್ಲಿ ಗ್ರೀಕಿನಲ್ಲಿ ಹಕಾರ ಬರುವುದುಂಟು, ಸಪ್ತ ಅಲ್ಲಿ ಹೆಪ್ಟಾ. ಪಾಲು ಹಾಲಾದ ಭಾಷೆಯವರಿಗೆ ಇದು ಆಶ್ಚರ್ಯವಲ್ಲ. ಹೊನ್ನೆಯ ಕುಲ ಟೆರೊಕಾರ್ಪಸ್, ‘ರೆಕ್ಕೆಯ ಕಾಯಿ’. ಅದರಲ್ಲಿನ ರೆಕ್ಕೆಗೂ ನಮ್ಮ ‘ಪತ್ರ’ಕ್ಕೂ ಮೂಲ ಒಂದೇ. ಹುತ್ತದ ಅಣಬೆ ಟರ್ಮಿಟೊಮೈಸಿಸ್‌ನಲ್ಲಿ ಗೆದ್ದಲು ಲ್ಯಾಟಿನ್ನಿನದು, ಅಣಬೆ ಗ್ರೀಕಿನದು. ನಮ್ಮ ಹಳೆಯ ವೈಯಾಕರಣರು ಕಂಡಿದ್ದರೆ ಅರಿಸಮಾಸ ಎಂದು ಮೂಗು ಮುರಿಯುತ್ತಿದ್ದರು.

ಸ್ಪೆಲಿಂಗಿನ ತೊಡಕಿಗೆ ಹೇಳಿದ್ದ ಮದ್ದು ಇದು: ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದು ಕಲಿಯಬಾರದು. ‘ಫ’ ಎಂದು ಬರೆದರೆ ಅದು ಎಫ್ ಅಕ್ಷರವೋ ಪಿ-ಎಚ್ ಜೋಡಿಯೋ ತಿಳಿಯುವುದಿಲ್ಲ, ‘ಕ’ ಎಂದರೆ ಸಿ, ಕೆ, ಸಿ-ಎಚ್ ಮೂರೂ ಆಗಬಹುದು. ಪಿ-ಎಚ್, ಟಿ-ಎಚ್, ಆರ್-ಎಚ್ ಜೋಡಿಗಳು, ಪದದ ನಡುವೆ ವೈ ಅಕ್ಷರ ಕಂಡರೆ ಹೆಚ್ಚಾಗಿ ಅದು ಗ್ರೀಕ್. ಬೀಟೆಯ ಹೆಸರಿನ ಲ್ಯಾಟಿಫೋಲಿಯಾದಲ್ಲಿ ಎಲೆ ಲ್ಯಾಟಿನ್ನಿನದು, ಅದಕ್ಕೆ ಎಫ್. ಹಲಸಿನ ಹೆಟೆರೊಫಿಲ್ಲಸ್‌ನಲ್ಲಿ ಎಲೆ ಗ್ರೀಕಿನದು, ಅದಕ್ಕೆ ಪಿ-ಎಚ್, ವೈ, ಎರಡು ಎಲ್. ಹೂವೂ ಹಾಗೆಯೇ: ಕಿರಾಲಬೋಗಿ ಮರದ ಪಾರ್ವಿಫ್ಲೋರಾ, ಮೈಕೇನಿಯ ಬಳ್ಳಿಯ ಮೈಕ್ರಾಂತಾ, ಎರಡರ ಅರ್ಥವೂ ‘ಸಣ್ಣ ಹೂವಿನದು’. ಇಂಥ ಜೋಡಿಗಳನ್ನು ಅಕ್ಕಪಕ್ಕ ಇಂಗ್ಲಿಷ್ ಅಕ್ಷರದಲ್ಲೇ ಬರೆದು ಕಲಿತರೆ ಯಾವ ಸ್ಪೆಲಿಂಗ್ ಏಕೆ ಎಂಬುದು ತಾನಾಗಿ ಕೂರುತ್ತದೆ.

ಫೋಟೋ ತೆಗೆದರೆ ಹೆಸರು ಹೇಳುವ ಆ್ಯಪ್ ಬಳಸಬಹುದು, ಆದರೆ ಅದು ಕುಲವನ್ನು ಸರಿಯಾಗಿ ಹೇಳಿ ಜಾತಿಯಲ್ಲಿ ತಪ್ಪುವುದು ಸಾಮಾನ್ಯ. ಹೂವು, ಕಾಯಿ, ಎಲೆಯ ಹಿಂಬದಿ ಮೂರನ್ನೂ ನೋಡದೆ ಅದರ ಉತ್ತರವನ್ನು ನೋಟ್‌ಬುಕ್ಕಿಗೆ ಏರಿಸಬಾರದು. ತಿನ್ನುವ ಅಣಬೆಗಂತೂ ಆ್ಯಪನ್ನು ಕೇಳಲೇಬಾರದು. ಇನ್ನು ಉಚ್ಚಾರಣೆ: ಅದಕ್ಕೆ ಜಗತ್ತಿನಲ್ಲೆಲ್ಲೂ ಒಂದೇ ಕಟ್ಟಳೆ ಇಲ್ಲ. ಇಂಗ್ಲಿಷಿನವರು ಒಂದು ರೀತಿ, ಇಟಲಿಯವರು ಇನ್ನೊಂದು ರೀತಿ ಹೇಳುತ್ತಾರೆ. ಮೌಖಿಕ ಪರೀಕ್ಷೆಯಲ್ಲಿ ಅಳುಕದೆ ಗಟ್ಟಿಯಾಗಿ ಹೇಳಲಿ. ಬರೆಯುವಾಗ ಮೊದಲ ಪದಕ್ಕೆ ದೊಡ್ಡಕ್ಷರ, ಎರಡನೆಯದಕ್ಕೆ ಸಣ್ಣಕ್ಷರ, ಎರಡರ ಅಡಿಯಲ್ಲೂ ಬೇರೆಬೇರೆ ಗೆರೆ.